ನಾಯಿಯ ಶಿಕ್ಷಣವೂ ಸಖ್ಯವೂ

೧. ಹಳೆಯ ನಂಟು

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ವಿಷಯ. ಹಸು, ಕುರಿ, ಕುದುರೆಗಳು ಅವನ ಮನೆಯನ್ನು ಸೇರುವುದಕ್ಕೆ ಸಾವಿರಾರು ವರ್ಷಗಳ ಮುಂಚೆ, ಅವನು ಬೇಸಾಯವನ್ನರಿಯದೆ ಬೇಟೆಯಿಂದ ಜೀವಿಸುತ್ತಿದ್ದ ಕಾಲದಲ್ಲಿಯೇ, ನಾಯಿಯು ಅವನ ಒಡನಾಡಿಯಾಗಿತ್ತು. ಜರ್ಮನಿಯ ಬಾನ್ ಪಟ್ಟಣದ ಬಳಿ ಓಬರ್‌ಕಾಸೆಲ್ ಎಂಬಲ್ಲಿ ೧೯೧೪ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಪ್ರಾಚೀನ ಸಮಾಧಿಯು ದೊರೆಯಿತು. ಅದರಲ್ಲಿ ಒಬ್ಬ ಗಂಡಸಿನ ಮತ್ತು ಒಬ್ಬ ಹೆಂಗಸಿನ ಎಲುಬುಗಳ ಜೊತೆಯಲ್ಲಿ ಒಂದು ಎಳೆಯ ನಾಯಿಯ ಎಲುಬುಗಳೂ ಇದ್ದವು. ಸಮಾಧಿಯ ಕಾಲವು ಈಗಿನಿಂದ ಸುಮಾರು ೧೪,೦೦೦ ವರ್ಷಗಳ ಹಿಂದಿನದು. ೨೦೧೮ರಲ್ಲಿ ಆ ನಾಯಿಯ ಹಲ್ಲುಗಳನ್ನು ಮರಳಿ ಪರೀಕ್ಷಿಸಿದ ವಿದ್ವಾಂಸರು, ಅದು ಏಳು ತಿಂಗಳು ತುಂಬುವುದರೊಳಗೆ ಸತ್ತಿತೆಂದೂ, ಸಾಯುವ ಮೊದಲು ಡಿಸ್ಟೆಂಪರ್ ಎಂಬ ಕಠಿನ ರೋಗಕ್ಕೆ ತುತ್ತಾಗಿ ಹಲವು ವಾರ ಬದುಕಿತ್ತೆಂದೂ ನಿರ್ಣಯಿಸಿದರು. ಅಷ್ಟು ದಿನ ಅದು ಬದುಕಬೇಕಾದರೆ ಯಾರಾದರೂ ಅದನ್ನು ಬೆಚ್ಚಗಿರಿಸಿ, ನೀರು ಆಹಾರಗಳನ್ನು ಕೊಟ್ಟು, ಶುಚಿಗೊಳಿಸಿ ಕಾಪಾಡಿರಬೇಕು. ಬೇಟೆಗೂ ಕಾವಲಿಗೂ ಬಾರದ ರೋಗಿಷ್ಠ ಮರಿಯನ್ನು ಹಾಗೆ ಸಲಹಿದವರಿಗೆ ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ. ಆದುದರಿಂದ ನಾಯಿಯೊಡನೆ ಮನುಷ್ಯನಿಗಿರುವ ನಂಟು ಕೇವಲ ಉಪಯೋಗದ ಮೇಲೆ ನಿಂತುದಲ್ಲವೆಂದು ಊಹಿಸಲು ಅವಕಾಶವಿದೆ.

ಕನ್ನಡ ನಾಡಿನಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹಳಗನ್ನಡ ಶಾಸನವು ಇತಿಹಾಸಜ್ಞರಿಗೆ ಚಿರಪರಿಚಿತವಾದುದು. ಕ್ರಿ. ಶ. ೯೪೯ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿಯು ಅದರಿಂದ ತಿಳಿಯುತ್ತದೆ. ಆ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಬೇಡಿದುದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಆ ನಾಯಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರದ ಮುಂದೆ ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಕಲ್ಲಿನ ಪೂಜೆಯು ತಪ್ಪದಂತೆ ಕಟ್ಟಳೆಯನ್ನು ಮಾಡಿದನು. ಬಿದ್ದ ವೀರನಿಗೆ ಸಲ್ಲುವ ಗೌರವವು ಇಲ್ಲಿ ನಾಯಿಗೂ ಸಂದಿತು. ಇದಾದ ಸುಮಾರು ೧೮೦ ವರ್ಷಗಳ ಮೇಲೆ ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ ಸಾರಮೇಯವಿನೋದಕ್ಕೂ ಸ್ಥಾನವುಂಟು.

ಹೀಗೆ ನಂಟು ಪುರಾತನವಾದುದಾದರೂ, ನಾಯಿಯನ್ನು ಕಲಿಸುವ ಬಗೆಯನ್ನು ಕುರಿತು ಜನರಲ್ಲಿರುವ ತಿಳಿವಳಿಕೆಯು ಅಷ್ಟು ಸ್ಪಷ್ಟವಾಗಿಲ್ಲ. ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ನಾಯಿಯು ಹೆದರಿದರೆ ಮಾತ್ರ ಮಾತು ಕೇಳುತ್ತದೆ, ಆದುದರಿಂದ ಮೊದಲು ಬೆತ್ತ, ಬಳಿಕ ಮುದ್ದು, ಎಂಬುದು ಒಂದು. ಪ್ರೀತಿಯಿದ್ದ ಮೇಲೆ ಶಿಕ್ಷಣವೇತಕ್ಕೆ, ಅದು ತಾನಾಗಿಯೇ ತಿಳಿದುಕೊಳ್ಳುತ್ತದೆ, ಎಂಬುದು ಇನ್ನೊಂದು. ಈ ಎರಡು ಅಭಿಪ್ರಾಯಗಳೂ ಶಿಕ್ಷಣವನ್ನು ಒಂದು ಕಡೆಗೂ ಸಖ್ಯವನ್ನು ಇನ್ನೊಂದು ಕಡೆಗೂ ಇಟ್ಟು ನೋಡುತ್ತವೆ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ನಡೆದ ಪರಿಶೋಧನೆಗಳನ್ನು ಒಟ್ಟಿಗೆ ಪರ್ಯಾಲೋಚಿಸಿದರೆ ಈ ವಿಭಾಗವೇ ತಪ್ಪೆಂದು ತೋರುತ್ತದೆ. ಕ್ರಮವಾದ ಶಿಕ್ಷಣವು ಸಖ್ಯವನ್ನು ಬೆಳೆಸುವ ಮುಖ್ಯ ಸಾಧನ. ಸಖ್ಯವಿಲ್ಲದ ಶಿಕ್ಷಣವು ನಿಲ್ಲತಕ್ಕದ್ದಲ್ಲ. ಈ ಮಾತನ್ನು ಮುಂದೆ ಪ್ರಮಾಣಪೂರ್ವಕವಾಗಿ ನಿರೂಪಿಸಲಾಗಿದೆ.

೨. ನಾಯಿಯ ಹುಟ್ಟುಗುಣ

ನಾಯಿಯ ಪೂರ್ವಜವು ತೋಳ. ದೇಹರಚನೆಯಲ್ಲಿ ಇವೆರಡಕ್ಕೂ ಅತಿ ಸಮೀಪದ ಸಂಬಂಧವಿದ್ದರೂ ಮನುಷ್ಯನ ವಿಷಯದಲ್ಲಿ ಅವುಗಳ ನಡತೆಯು ಬೇರೆ. ೨೦೦೨ರಲ್ಲಿ ಬ್ರಯನ್ ಹೇರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಮುಚ್ಚಿದ ಎರಡು ಪಾತ್ರೆಗಳಲ್ಲಿ ಒಂದರಲ್ಲಿ ಮಾತ್ರ ತಿನಿಸನ್ನಿಟ್ಟು, ಮನುಷ್ಯನು ಅದರ ಕಡೆಗೆ ಕೈತೋರಿದರೆ ನಾಯಿಯು ಆ ಸನ್ನೆಯನ್ನು ಅನುಸರಿಸಿ ಸರಿಯಾದ ಪಾತ್ರೆಯನ್ನು ಆರಿಸಿತು. ಮನುಷ್ಯರ ನಡುವೆ ಬೆಳೆದ ತೋಳಗಳು ಈ ಕೆಲಸದಲ್ಲಿ ಹಿಂದೆ ಬಿದ್ದವು. ಬುದ್ಧಿಗೆ ಹೆಸರಾದ ಚಿಂಪಾಂಜಿಯೂ ನಾಯಿಯನ್ನು ಸರಿಗಟ್ಟಲಿಲ್ಲ. ಮನುಷ್ಯರ ಒಡನಾಟವು ಹೆಚ್ಚಾಗಿಲ್ಲದ ಎಳೆಯ ಮರಿಗಳು ಕೂಡ ಸನ್ನೆಯನ್ನು ಅರಿತುದರಿಂದ, ಈ ಶಕ್ತಿಯು ಬಹುಮಟ್ಟಿಗೆ ಹುಟ್ಟಿನಿಂದ ಬಂದುದೆಂದು ಅವರು ಭಾವಿಸಿದರು.

ಮರುವರ್ಷ ಬುಡಾಪೆಸ್ಟಿನ ಆಡಾಮ್ ಮಿಕ್ಲೋಷಿ ಮತ್ತು ಸಂಗಡಿಗರು ಇನ್ನೊಂದು ಭೇದವನ್ನು ತೋರಿಸಿಕೊಟ್ಟರು. ಕೈಯಾರೆ ಸಾಕಿದ ತೋಳಗಳಿಗೂ ನಾಯಿಗಳಿಗೂ ತಿನಿಸನ್ನು ಪಡೆಯುವ ಒಂದು ಉಪಾಯವನ್ನು ಮೊದಲು ಕಲಿಸಿ, ಬಳಿಕ ಆ ಉಪಾಯವು ನಡೆಯದಂತೆ ಬಂಧಿಸಿದಾಗ, ತೋಳಗಳು ಸುಮ್ಮನೆ ಜಗ್ಗುತ್ತಲೇ ಇದ್ದವು. ನಾಯಿಗಳಾದರೋ ಸ್ವಲ್ಪ ಹೊತ್ತಿಗೇ ಹಿಂದಿರುಗಿ ತಮ್ಮ ಒಡೆಯನ ಮುಖವನ್ನು ನೋಡಿದವು. ಕಷ್ಟ ಬಂದಾಗ ಮನುಷ್ಯನ ಮುಖವನ್ನು ನೋಡುವ ಈ ಸ್ವಭಾವವೇ ಶಿಕ್ಷಣಕ್ಕೆ ತಳಹದಿ. ನೋಡುವ ಪ್ರಾಣಿಗೆ ಕಲಿಸಬಹುದು. ನೋಡದ ಪ್ರಾಣಿಯನ್ನು ಕಟ್ಟಿಹಾಕಬಹುದು, ಅಷ್ಟೆ.

ಈ ಗುಣವು ಮನೆಯಲ್ಲಿ ಸಾಕಿದ ನಾಯಿಗಳಿಗೆ ಮಾತ್ರ ಸೀಮಿತವಾದುದಲ್ಲ. ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ಕೋಲ್ಕತ್ತ ಶಾಖೆಯಲ್ಲಿ ಅನಿಂದಿತಾ ಭದ್ರ ಮತ್ತು ಅವರ ಶಿಷ್ಯರು ಬೀದಿನಾಯಿಗಳ ಮೇಲೆ ನಡೆಸಿದ ಪರಿಶೋಧನೆಯಲ್ಲಿ, ಯಾವ ಶಿಕ್ಷಣವನ್ನೂ ಪಡೆಯದ ನಾಯಿಗಳೂ, ಹೆದರದೆ ಹತ್ತಿರ ಬಂದಲ್ಲಿ, ಹೆಚ್ಚಾಗಿ ಅಪರಿಚಿತನ ಕೈಸನ್ನೆಯನ್ನು ಅನುಸರಿಸಿದವೆಂದು ಕಂಡುಬಂದಿತು. ಬಾರದೆ ದೂರ ನಿಂತ ನಾಯಿಗಳನ್ನು ತಡೆದುದು ಮಂದಬುದ್ಧಿಯಲ್ಲ, ಅಂಜಿಕೆ. ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಡೊಂಕೇ ಎಂಬ ಗಾದೆಯು ಬಾಲದ ಮಟ್ಟಿಗೆ ನಿಜವಿರಬಹುದು. ನಾಯಿಯ ಬುದ್ಧಿಗೆ ಅದು ಸಲ್ಲುವುದಿಲ್ಲ.

ಆದರೆ ಹುಟ್ಟುಗುಣವು ತಕ್ಕ ಕಾಲದಲ್ಲಿ ಪೋಷಣೆಯನ್ನು ಹೊಂದಬೇಕು. ಅಮೆರಿಕದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಅನೇಕ ವರ್ಷ ನಡೆಸಿ ೧೯೬೫ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಪರಿಶೋಧನೆಗಳಿಂದ, ಮರಿಯು ಹುಟ್ಟಿದ ೩ನೆಯ ವಾರದಿಂದ ಸುಮಾರು ೧೨ನೆಯ ವಾರದವರೆಗಿನ ಕಾಲವು ಅದರ ಮುಂದಿನ ನಡತೆಗೆ ಅತಿ ಮುಖ್ಯವಾದುದೆಂದು ಸಿದ್ಧವಾಯಿತು. ೧೪ ವಾರ ಮನುಷ್ಯರ ಸಂಪರ್ಕವಿಲ್ಲದೆ ಬೆಳೆದ ಮರಿಗಳು ಆ ಬಳಿಕ ಮನುಷ್ಯನನ್ನು ಕಂಡರೆ ಕಾಡುಪ್ರಾಣಿಗಳಂತೆ ಬೆದರಿದುದು ೧೯೬೧ರಲ್ಲಿಯೇ ಪ್ರಕಟವಾಗಿತ್ತು. ಈ ಅವಧಿಯಲ್ಲಿ ಮರಿಗೆ ಗಂಡಸರು, ಹೆಂಗಸರು, ಮಕ್ಕಳು, ಕೋಲೂರಿದ ಮುದುಕರು, ಕೊಡೆ ಹಿಡಿದವರು, ಬೈಸಿಕಲ್ಲು, ಮೋಟಾರು, ಮಿಕ್ಸಿಯ ಸದ್ದು, ದೇವಸ್ಥಾನದ ಗಂಟೆ ಮೊದಲಾದ ಎಲ್ಲವನ್ನೂ ಹೆದರಿಕೆಯಾಗದಷ್ಟು ದೂರದಿಂದ, ಸ್ವಲ್ಪ ಸ್ವಲ್ಪವಾಗಿ ಪರಿಚಯ ಮಾಡಿಕೊಡಬೇಕು. ತಾಯಿಯಿಂದ ತೀರ ಬೇಗನೆ ಅಗಲಿಸುವುದೂ ತಪ್ಪು. ಎಂಟು ವಾರಕ್ಕೆ ಮುಂಚೆ ಮರಿಯನ್ನು ತರಬಾರದೆಂಬುದು ಬಲ್ಲವರ ಮತ. ಒಡಹುಟ್ಟಿದ ಮರಿಗಳೊಡನೆ ಆಡುವಾಗಲೇ, ಎಷ್ಟು ಬಿಗಿಯಾಗಿ ಕಚ್ಚಿದರೆ ಆಟವು ನಿಂತುಹೋಗುವುದೆಂಬ ಮೊದಲನೆಯ ಪಾಠವನ್ನು ಅದು ಕಲಿಯುತ್ತದೆ.

೩. ಕಲಿಕೆಯ ಕ್ರಮ

ನಾಯಿಯು ಹೇಗೆ ಕಲಿಯುತ್ತದೆಂಬ ಪ್ರಶ್ನೆಗೆ ಎರಡು ಕಡೆಗಳಿಂದ ಉತ್ತರ ದೊರೆಯಿತು. ರಷ್ಯಾದ ಇವಾನ್ ಪಾವ್ಲೋವರು ಜೀರ್ಣಕ್ರಿಯೆಯ ವಿಷಯದಲ್ಲಿ ಮಾಡಿದ ಕಾರ್ಯಕ್ಕಾಗಿ ೧೯೦೪ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದವರು. ಅವರ ಪ್ರಯೋಗಶಾಲೆಯ ನಾಯಿಗಳ ಬಾಯಲ್ಲಿ, ಆಹಾರವು ಬರುವುದಕ್ಕೆ ಮೊದಲೇ, ತರುವವನ ಹೆಜ್ಜೆಯ ಸದ್ದಿಗೇ ಜೊಲ್ಲು ಸುರಿಯುವುದನ್ನು ಗಮನಿಸಿ, ಯಾವ ಸದ್ದನ್ನಾದರೂ ಆಹಾರದೊಡನೆ ಮತ್ತೆ ಮತ್ತೆ ಜೋಡಿಸಿದರೆ ಆ ಸದ್ದೇ ಆಹಾರದಂತೆ ಫಲಿಸುವುದೆಂದು ಅವರು ತೋರಿಸಿದರು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕರು ೧೮೯೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬೆಕ್ಕು ನಾಯಿಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಅವು ಅಗಣಿಯನ್ನು ಸರಿಸಿ ಹೊರಬರಲು ಕಲಿಯುವ ರೀತಿಯನ್ನು ಅಳೆದರು. ಒಳ್ಳೆಯ ಫಲವನ್ನು ಕೊಟ್ಟ ಕ್ರಿಯೆಯು ಮತ್ತೆ ಮತ್ತೆ ನಡೆಯುವುದು, ಫಲವಿಲ್ಲದುದು ಕ್ರಮೇಣ ಬಿಟ್ಟುಹೋಗುವುದು ಎಂಬ ಪರಿಣಾಮನಿಯಮವು ಇದರಿಂದ ಹೊರಟಿತು. ಇದನ್ನೇ ಬಿ. ಎಫ್. ಸ್ಕಿನ್ನರರು ವಿಸ್ತರಿಸಿ, ೧೯೫೧ರ ಒಂದು ಲೇಖನದಲ್ಲಿ, ಚಿಟಿಕೆಯಂಥ ಸದ್ದು ಮಾಡುವ ಸಣ್ಣ ಆಟದ ಸಾಮಾನನ್ನೂ ತಿನಿಸನ್ನೂ ಉಪಯೋಗಿಸಿ ಮನೆಯ ನಾಯಿಗೆ ಕಲಿಸುವ ಬಗೆಯನ್ನು ಸಾಮಾನ್ಯ ಓದುಗರಿಗೆ ವಿವರಿಸಿದರು.

ಈ ಎರಡು ನಿಯಮಗಳಿಂದ ಹೊರಡುವ ವಿಧಾನವು ಬಹಳ ಸರಳವಾದುದು. ನಾಯಿಗೆ ಕುಳಿತುಕೊಳ್ಳುವುದನ್ನು ಕಲಿಸಬೇಕೆಂದಿರಲಿ. ಮೊದಲು ಒಂದು ಚಿಕ್ಕ ಮಾತನ್ನು, 'ಸೈ' ಎಂಬುದನ್ನು, ಆರಿಸಿಕೊಂಡು, ಅದನ್ನು ಉಚ್ಚರಿಸಿದೊಡನೆ ಒಂದು ಚೂರು ತಿನಿಸನ್ನು ಕೊಡುತ್ತ ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಿಸಬೇಕು. ಸೈ ಎಂದರೆ ಒಳ್ಳೆಯದು ಬರುತ್ತದೆಂದು ನಾಯಿಗೆ ಹೀಗೆ ತಿಳಿಯುತ್ತದೆ. ಇದು ಪಾವ್ಲೋವರ ನಿಯಮ. ಬಳಿಕ ತಿನಿಸನ್ನು ಅದರ ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಮೇಲಿನಿಂದ ಹಿಂದಕ್ಕೆ ಒಯ್ದರೆ, ನಾಯಿಯು ಮೋರೆಯನ್ನೆತ್ತಿ ಅದನ್ನು ನೋಡುತ್ತ ತಾನಾಗಿ ಹಿಂಭಾಗವನ್ನು ನೆಲಕ್ಕೆ ಊರುತ್ತದೆ. ಊರಿದ ಕ್ಷಣದಲ್ಲಿ ಸೈ ಎಂದು ತಿನಿಸನ್ನು ಕೊಡಬೇಕು. ಇದು ಥಾರ್ನ್‌ಡೈಕರ ನಿಯಮ. ಕೆಲವು ಸಲವಾದ ಮೇಲೆ ಬರಿಯ ಕೈಯಿಂದ ಅದೇ ಸನ್ನೆಯನ್ನು ಮಾಡಬೇಕು. ನಾಯಿಯು ಸನ್ನೆಗೆ ತಪ್ಪದೆ ಕುಳಿತುಕೊಳ್ಳುವಂತಾದ ಬಳಿಕವೇ, ಸನ್ನೆಗೆ ಸ್ವಲ್ಪ ಮುಂಚೆ, 'ಕೂರು' ಎಂಬ ಮಾತನ್ನು ಸೇರಿಸಬೇಕು. ಮಾತನ್ನು ಮೊದಲೇ ಹತ್ತು ಸಲ ಕೂಗುವುದರಿಂದ, ಆ ಮಾತಿಗೆ ಅರ್ಥವಿಲ್ಲವೆಂಬುದನ್ನು ಮಾತ್ರ ನಾಯಿಯು ಕಲಿಯುತ್ತದೆ.

ಇಲ್ಲಿ ಮೂರು ವಿಷಯಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದು ಕಾಲ. ಕ್ರಿಯೆಗೂ ಫಲಕ್ಕೂ ನಡುವೆ ಒಂದೆರಡು ಸೆಕೆಂಡು ಕಳೆದರೂ ನಾಯಿಯು ಫಲವನ್ನು ಬೇರೊಂದು ಕ್ರಿಯೆಗೆ ಜೋಡಿಸಿಕೊಳ್ಳುತ್ತದೆ. ಕುಳಿತು, ಎದ್ದು, ಬೊಗಳಿದ ಮೇಲೆ ತಿನಿಸು ದೊರೆತರೆ, ಅದು ಬೊಗಳುವುದನ್ನು ಕಲಿತಂತಾಯಿತು. ಎರಡನೆಯದು ಏಕರೂಪತೆ. ಮನೆಯಲ್ಲಿ ಒಬ್ಬರು ಕೂರು ಎಂದೂ, ಇನ್ನೊಬ್ಬರು ಕೂತ್ಕೋ ಎಂದೂ, ಮಕ್ಕಳು ಸಿಟ್ ಎಂದೂ ಹೇಳಿದರೆ, ನಾಯಿಗೆ ಅವು ಮೂರು ಬೇರೆ ಸದ್ದುಗಳು. ಯಾವ ಭಾಷೆಯ ಮಾತಾದರೂ ಚಿಂತೆಯಿಲ್ಲ. ಎಲ್ಲರೂ ಅದನ್ನೇ ಹೇಳಬೇಕು. ಹಾಗೆಯೇ, ಊಟದ ಹೊತ್ತಿನಲ್ಲಿ ಬೇಡುವ ನಾಯಿಗೆ ತಂದೆಯು ಇಲ್ಲವೆಂದು, ಅಜ್ಜಿಯು ಮರೆಯಲ್ಲಿ ಒಂದು ತುತ್ತನ್ನು ಕೊಟ್ಟರೆ, ನಾಯಿಯು ಬೇಡುವುದನ್ನು ಎಂದಿಗೂ ಬಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ದೊರೆಯುವ ಫಲವು ನಿತ್ಯವೂ ದೊರೆಯುವ ಫಲಕ್ಕಿಂತ ಅಭ್ಯಾಸವನ್ನು ಗಟ್ಟಿಗೊಳಿಸುತ್ತದೆ. ಮೂರನೆಯದು ಮಿತಿ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಕಲಿಸಿದರೆ ಸಾಕು. ಬೇಯಿಸಿದ ಕೋಳಿಮಾಂಸದ ಅಥವಾ ಮೊಟ್ಟೆಯ ಕಡಲೆಕಾಳಿನಷ್ಟು ಚಿಕ್ಕ ಚೂರುಗಳು ತಿನಿಸಿಗೆ ಯೋಗ್ಯವಾದುವು. ಚಾಕೊಲೇಟು, ದ್ರಾಕ್ಷಿ, ಈರುಳ್ಳಿಗಳು ನಾಯಿಗೆ ವಿಷಪ್ರಾಯವಾದುದರಿಂದ ಅವನ್ನು ಕೊಡಲೇಬಾರದು.

ಕರೆದಾಗ ಬರುವುದು ಎಲ್ಲ ಪಾಠಗಳಲ್ಲಿ ಮುಖ್ಯವಾದುದು; ರಸ್ತೆಯಲ್ಲಿ ಅದು ನಾಯಿಯ ಪ್ರಾಣವನ್ನುಳಿಸಬಹುದು. ಈ ಪಾಠವನ್ನು ಜನರು ತಿಳಿಯದೆಯೇ ಕೆಡಿಸುತ್ತಾರೆ. ಮೈ ತೊಳೆಯುವುದಕ್ಕೆ, ಔಷಧಿ ಕುಡಿಸುವುದಕ್ಕೆ, ಆಟವನ್ನು ನಿಲ್ಲಿಸಿ ಕಟ್ಟಿಹಾಕುವುದಕ್ಕೆ, ತಡವಾಗಿ ಬಂದುದಕ್ಕೆ ಹೊಡೆಯುವುದಕ್ಕೆ, ಹೀಗೆ ನಾಯಿಗೆ ಹಿತವಲ್ಲದ ಕೆಲಸಗಳಿಗೇ ಅದನ್ನು ಹೆಸರು ಹಿಡಿದು ಕರೆಯುವುದುಂಟು. ಬಂದರೆ ಕೆಡುಕಾಗುವುದೆಂದು ಕಲಿತ ನಾಯಿಯು ಬಾರದಿದ್ದರೆ ಅದನ್ನು ಮೊಂಡುತನವೆನ್ನಲಾಗದು. ಕಲಿಸಿದುದನ್ನೇ ಅದು ಒಪ್ಪಿಸುತ್ತಿದೆ. ಕರೆದಾಗ ಬಂದ ನಾಯಿಗೆ, ಅದು ಎಷ್ಟು ತಡವಾಗಿ ಬಂದಿದ್ದರೂ, ಯಾವಾಗಲೂ ಒಳ್ಳೆಯದೇ ಆಗಬೇಕು. ಹಿತವಲ್ಲದ ಕೆಲಸವಿದ್ದಾಗ ಕರೆಯದೆ, ಮನುಷ್ಯನೇ ಅದರ ಬಳಿಗೆ ಹೋಗುವುದು ಲೇಸು.

೪. ದಂಡನೆಯ ವಾದವೂ ಅದರ ದೋಷವೂ

ದಂಡನೆಯಿಂದಲೇ ಶಿಕ್ಷಣವೆಂಬ ಮತಕ್ಕೆ ಶಾಸ್ತ್ರದ ಬೆಂಬಲವೂ ಒಂದು ಕಾಲದಲ್ಲಿ ಇದ್ದಂತೆ ತೋರುತ್ತಿತ್ತು. ಜರ್ಮನಿಯಲ್ಲಿ ಪೋಲೀಸು ನಾಯಿಗಳನ್ನು ತಯಾರು ಮಾಡಿದ ಕೊನ್ರಾಡ್ ಮೋಸ್ಟರು ೧೯೧೦ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಬಹುಕಾಲ ಪ್ರಮಾಣವಾಗಿತ್ತು. ಬಹುಮಾನದ ಬೆಲೆಯನ್ನು ಅವರು ಅರಿಯದವರಲ್ಲ. ಆದರೂ ಬಲಾತ್ಕಾರಕ್ಕೆ ಅವರ ವಿಧಾನದಲ್ಲಿ ದೊಡ್ಡ ಸ್ಥಾನವಿತ್ತು. ೧೯೪೭ರಲ್ಲಿ ರುಡಾಲ್ಫ್ ಶೆಂಕೆಲರು, ಬಾಸೆಲ್ ನಗರದ ಮೃಗಾಲಯದಲ್ಲಿ ಕೂಡಿಟ್ಟ ತೋಳಗಳನ್ನು ಕಂಡು, ಅವುಗಳಲ್ಲಿ ಮೇಲುಗೈಗಾಗಿ ನಿರಂತರವಾದ ಪೈಪೋಟಿ ನಡೆಯುವುದೆಂದು ಬರೆದರು. ತೋಳದ ಗುಂಪಿಗೆ ಕಾದಾಡಿ ಗೆದ್ದ ನಾಯಕನೊಬ್ಬನಿರುವಂತೆ, ಮನೆಯಲ್ಲಿ ಒಡೆಯನು ನಾಯಿಯನ್ನು ಅದುಮಿ ಗೆದ್ದು ನಾಯಕನಾಗಬೇಕೆಂಬ ಮತವು ಇದರಿಂದ ಹಬ್ಬಿತು. ನಾಯಿಯನ್ನು ಅಂಗಾತ ಕೆಡವಿ ಒತ್ತಿಹಿಡಿಯುವುದು, ಕೊರಳಪಟ್ಟಿಯನ್ನು ಹಿಡಿದು ಜಗ್ಗುವುದು, ಅದಕ್ಕಿಂತ ಮೊದಲು ಉಣ್ಣಬೇಕೆಂಬ ನೇಮ, ಇವೆಲ್ಲ ಆ ಮತದ ಆಚಾರಗಳು.

ಆದರೆ ಶೆಂಕೆಲರು ನೋಡಿದ ತೋಳಗಳು ಪಂಜರದೊಳಗಿನವು. ಅಮೆರಿಕದ ಡೇವಿಡ್ ಮೀಚರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸ್ವತಂತ್ರವಾಗಿ ಬದುಕುವ ತೋಳಗಳನ್ನು ಅನೇಕ ಬೇಸಗೆಗಳಲ್ಲಿ ಸಮೀಪದಿಂದ ನೋಡಿ, ೧೯೯೯ರಲ್ಲಿ ಬೇರೆಯೇ ಒಂದು ಚಿತ್ರವನ್ನು ಕೊಟ್ಟರು. ಸಾಮಾನ್ಯವಾಗಿ ತೋಳದ ಗುಂಪೆಂಬುದು ಒಂದು ಕುಟುಂಬ; ಗಂಡು ಹೆಣ್ಣುಗಳೆರಡೂ ತಂದೆತಾಯಿ, ಉಳಿದವು ಅವುಗಳ ಮಕ್ಕಳು. ಅಲ್ಲಿ ಹಿರಿಯವು ಕಾದಾಡಿ ಹಿರಿಮೆಯನ್ನು ಪಡೆದುವಲ್ಲ, ಹೆತ್ತು ಸಲಹಿದುದರಿಂದ ಪಡೆದುವು. ನಾಯಕತ್ವದ ಶಬ್ದವನ್ನು ಮೊದಲು ತಮ್ಮ ಗ್ರಂಥದಲ್ಲಿ ಬಳಸಿ ಪ್ರಚಾರಕ್ಕೆ ತಂದವರಲ್ಲಿ ಮೀಚರೂ ಒಬ್ಬರಾದುದರಿಂದ, ಅವರೇ ಮಾಡಿದ ಈ ತಿದ್ದುಪಡಿಗೆ ವಿಶೇಷವಾದ ತೂಕವುಂಟು. ತೋಳದ ದೃಷ್ಟಾಂತವು ಬೀಳುತ್ತಲೇ ಅದರ ಮೇಲೆ ಕಟ್ಟಿದ ದಂಡನೆಯ ವಾದವೂ ಆಧಾರವಿಲ್ಲದಂತಾಯಿತು.

ಹೊಡೆತದಿಂದ ನಾಯಿಯು ಏನನ್ನೂ ಕಲಿಯುವುದಿಲ್ಲವೆಂದು ಹೇಳುವುದು ನಿಜವಲ್ಲ; ಕಲಿಯುತ್ತದೆ, ಆದರೆ ಕಲಿಸಬೇಕಾದುದನ್ನಲ್ಲ. ಚಪ್ಪಲಿಯನ್ನು ಕಚ್ಚಿದ ಒಂದು ಗಂಟೆಯ ಬಳಿಕ ಮನೆಗೆ ಬಂದ ಯಜಮಾನನು ಹೊಡೆದರೆ, ಯಜಮಾನನ ಬರವೇ ನೋವಿನ ಗುರುತೆಂದು ಅದು ತಿಳಿಯುತ್ತದೆ. ಆಗ ನಾಯಿಯು ಕಿವಿಯನ್ನು ಮಡಿಸಿ, ಬಾಲವನ್ನು ಮುದುರಿ, ಮೋರೆಯನ್ನು ತಿರುಗಿಸಿದರೆ, ಜನರು ಅದಕ್ಕೆ ತನ್ನ ತಪ್ಪು ಗೊತ್ತಿದೆಯೆಂದು ಹೇಳುತ್ತಾರೆ. ಅಲೆಗ್ಸಾಂಡ್ರ ಹೊರೊವಿಟ್ಸರು ೨೦೦೯ರಲ್ಲಿ ಇದನ್ನು ಪರೀಕ್ಷಿಸಿದರು. ಒಡೆಯನು ಹೊರಗಿರುವಾಗ ಕೆಲವು ನಾಯಿಗಳು ನಿಷೇಧಿಸಿದ ತಿನಿಸನ್ನು ತಿಂದವು, ಕೆಲವು ತಿನ್ನಲಿಲ್ಲ. ಒಡೆಯನಿಗೆ ಕೆಲವು ಸಲ ನಿಜವನ್ನೂ ಕೆಲವು ಸಲ ಸುಳ್ಳನ್ನೂ ತಿಳಿಸಲಾಯಿತು. ತಪ್ಪಿತಸ್ಥನಂತೆ ಕಾಣುವ ಆ ಮೋರೆಯು ಬಂದುದು ತಿಂದುದರಿಂದಲ್ಲ, ಗದರಿಸಿಕೊಂಡುದರಿಂದ. ತಿನ್ನದೆ ಗದರಿಸಿಕೊಂಡ ನಾಯಿಗಳಲ್ಲಿಯೇ ಅದು ಹೆಚ್ಚಾಗಿ ಕಂಡಿತು. ಪಶ್ಚಾತ್ತಾಪವೆಂದು ಜನರು ಓದಿದುದು ಬರಿಯ ಅಂಜಿಕೆ.

ಅಂಜಿಕೆಯ ಫಲವನ್ನು ಅಳೆದೂ ನೋಡಲಾಗಿದೆ. ಪೋರ್ಚುಗಲಿನಲ್ಲಿ ೯೨ ಸಾಕುನಾಯಿಗಳನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ದಂಡನೆಯನ್ನು ಬಳಸುವ ಶಾಲೆಗಳ ನಾಯಿಗಳು ಬಹುಮಾನದಿಂದ ಕಲಿಸುವ ಶಾಲೆಗಳ ನಾಯಿಗಳಿಗಿಂತ ಹೆಚ್ಚಾಗಿ ಕಳವಳದ ಲಕ್ಷಣಗಳನ್ನು ತೋರಿದವು. ಪಾಠದ ಬಳಿಕ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ, ಒತ್ತಡವನ್ನು ಸೂಚಿಸುವ, ಹಾರ್ಮೋನು ಹೆಚ್ಚಾಗಿತ್ತು. ಇದಕ್ಕಿಂತ ಅಪಾಯಕರವಾದುದು ಇನ್ನೊಂದುಂಟು. ಗುರುಗುಟ್ಟುವುದು ನಾಯಿಯ ಎಚ್ಚರಿಕೆ. ಇಷ್ಟಕ್ಕೆ ನಿಲ್ಲಿಸೆಂದು ಹೇಳುವ ಅದರ ಭಾಷೆ. ಗುರುಗುಟ್ಟಿದಾಗಲೆಲ್ಲ ಹೊಡೆದರೆ ಅದು ಎಚ್ಚರಿಕೆಯನ್ನು ಬಿಡುತ್ತದೆಯೇ ಹೊರತು ಅಂಜಿಕೆಯನ್ನು ಬಿಡುವುದಿಲ್ಲ. ಅಂಥ ನಾಯಿಯು ಒಂದು ದಿನ ಸದ್ದಿಲ್ಲದೆ ಕಚ್ಚುತ್ತದೆ. ಕಚ್ಚಿಸಿಕೊಳ್ಳುವುದು ಅನೇಕ ವೇಳೆ ಮನೆಯ ಮಗು. ಆ ಬಳಿಕ ನಾಯಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ದೂರದ ಊರಿನಲ್ಲಿ ಬಿಟ್ಟುಬರುವುದೇ ಪರಿಹಾರವಾಗುತ್ತದೆ. ಕಲಿಸುವ ಕ್ರಮದಲ್ಲಿನ ತಪ್ಪಿಗೆ ಮಗುವೂ ನಾಯಿಯೂ ದಂಡ ತೆರುತ್ತವೆ.

೫. ಸಖ್ಯದ ಲಕ್ಷಣ

ನಾಯಿಗೂ ಒಡೆಯನಿಗೂ ಇರುವ ಪ್ರೀತಿಯು ತಿನಿಸಿನ ಆಸೆಯೇ ಹೊರತು ಬೇರೆಯಲ್ಲವೆಂದು ಸಂದೇಹಪಡುವವರುಂಟು. ಎಳೆಯ ಮಕ್ಕಳಿಗೆ ತಾಯಿಯಲ್ಲಿರುವ ನಂಟನ್ನು ಅಳೆಯಲು ಮೇರಿ ಐನ್ಸ್‌ವರ್ತರು ರೂಪಿಸಿದ ಪರೀಕ್ಷೆಯೊಂದನ್ನು ೧೯೯೮ರಲ್ಲಿ ಹಂಗೇರಿಯ ಯೋಜೆಫ್ ಟೊಪಾಲರು ಸಂಗಡಿಗರೊಡನೆ ನಾಯಿಗಳಿಗೆ ಅನ್ವಯಿಸಿದರು. ಹೊಸ ಕೋಣೆಯಲ್ಲಿ ಒಡೆಯನಿದ್ದಾಗ ನಾಯಿಯು ಧೈರ್ಯವಾಗಿ ಆಡಿತು, ಮೂಸಿನೋಡಿತು. ಅವನು ಹೊರಗೆ ಹೋಗಿ ಅಪರಿಚಿತನು ಉಳಿದಾಗ ಬಾಗಿಲ ಬಳಿ ಕಾದು ನಿಂತಿತು. ಅವನು ಮರಳಿದಾಗ ಓಡಿಹೋಗಿ ಸಮಾಧಾನ ಹೊಂದಿತು. ಮಗುವಿಗೆ ತಾಯಿಯು ಹೇಗೋ ಹಾಗೆ ನಾಯಿಗೆ ಒಡೆಯನು ಧೈರ್ಯದ ನೆಲೆಯೆಂದು ಇದರಿಂದ ತಿಳಿಯಿತು. ಜಪಾನಿನ ಅಜಾಬು ವಿಶ್ವವಿದ್ಯಾನಿಲಯದ ನಾಗಸಾವಾ, ಕಿಕುಸುಯಿ ಮೊದಲಾದವರು ೨೦೧೫ರಲ್ಲಿ ಇನ್ನೂ ಮುಂದೆ ಹೋದರು. ನಾಯಿಯೂ ಒಡೆಯನೂ ಹೆಚ್ಚು ಹೊತ್ತು ಒಬ್ಬರನ್ನೊಬ್ಬರು ನೋಡಿದಲ್ಲಿ, ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ, ತಾಯಿಮಗುಗಳ ನಂಟಿನಲ್ಲಿ ಕೆಲಸ ಮಾಡುವ, ಹಾರ್ಮೋನು ಹೆಚ್ಚಿತು. ಮನುಷ್ಯರು ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಭದ್ರ ಅವರ ಸಂಗಡಿಗರು ೨೦೧೭ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೀದಿನಾಯಿಗಳು ಕೂಡ, ಪದೇಪದೇ ತಿನಿಸನ್ನು ಕೊಟ್ಟ ಅಪರಿಚಿತನಿಗಿಂತ, ಪದೇಪದೇ ತಲೆಯನ್ನು ಸವರಿದವನನ್ನು ಹೆಚ್ಚಾಗಿ ನಂಬಿದವು. ಹಸಿದ ಬೀದಿನಾಯಿಗೂ ಕೈಯ ಮಮತೆಯು ಅನ್ನಕ್ಕಿಂತ ಕಡಮೆಯದಲ್ಲವೆಂದಾಯಿತು.

ಹಾಗಾದರೆ ತಿನಿಸಿನಿಂದ ಕಲಿಸುವುದು ಲಂಚವಲ್ಲವೇ, ಎಂಬ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ. ತಿನಿಸು ಒಂದು ಮಾತಿನ ಸ್ಥಾನದಲ್ಲಿದೆ. ಈಗ ಮಾಡಿದುದು ಸರಿ ಎಂಬುದನ್ನು ಭಾಷೆಯಿಲ್ಲದ ಪ್ರಾಣಿಗೆ ತಿಳಿಸುವ ಬಗೆ. ಪಾಠವು ಬಲಿತಂತೆ ತಿನಿಸನ್ನು ಕಡಮೆ ಮಾಡಿ, ಅದರ ಸ್ಥಾನದಲ್ಲಿ ಹೊಗಳಿಕೆಯನ್ನೂ ಆಟವನ್ನೂ ತಿರುಗಾಟವನ್ನೂ ಇಡಬಹುದು. ಆಗ ಉಳಿಯುವುದು ಇಷ್ಟು: ಈ ಮನುಷ್ಯನ ಮಾತಿಗೆ ಅರ್ಥವಿದೆ, ಇವನಿಂದ ಕೆಡುಕು ಬಾರದು, ಎಂಬ ನಾಯಿಯ ನಂಬಿಕೆ. ಈ ನಂಬಿಕೆಯ ಹೆಸರೇ ಸಖ್ಯ.

ಸಖ್ಯವನ್ನು ಬಯಸುವವನು ನಾಯಿಯ ಭಾಷೆಯನ್ನು ತಾನೂ ಕಲಿಯಬೇಕು. ಆಯಾಸವಿಲ್ಲದಾಗ ಆಕಳಿಸುವುದು, ತಿನಿಸಿಲ್ಲದಾಗ ಮೂಗನ್ನು ನೆಕ್ಕುವುದು, ಮೋರೆಯನ್ನು ಅತ್ತ ತಿರುಗಿಸಿ ಕಣ್ಣಿನ ಬಿಳಿಯನ್ನು ತೋರಿಸುವುದು, ಮೈಯನ್ನು ಕಲ್ಲಿನಂತೆ ಬಿಗಿಹಿಡಿಯುವುದು, ಇವೆಲ್ಲ ಕಳವಳದ ಗುರುತುಗಳು. ಬಾಲವು ಆಡಿದ ಮಾತ್ರಕ್ಕೆ ನಾಯಿಯು ಸಂತೋಷವಾಗಿದೆಯೆಂದು ತಿಳಿಯಬಾರದು. ಮೈಯೆಲ್ಲ ಸಡಿಲವಾಗಿ ಬಾಲವು ಬೀಸಿದರೆ ಸಂತೋಷ, ಮೈ ಬಿಗಿದು ಬಾಲವು ಮೇಲೆದ್ದು ಅದುರಿದರೆ ಎಚ್ಚರಿಕೆ. ಮುಟ್ಟುವುದಕ್ಕೆ ಮುಂಚೆ ಕೈಯನ್ನು ಚಾಚಿ, ನಾಯಿಯೇ ಹತ್ತಿರ ಬಂದರೆ ಎದೆಯನ್ನೋ ಕಿವಿಯ ಬುಡವನ್ನೋ ಸವರಿ, ಸ್ವಲ್ಪ ಹೊತ್ತಿಗೆ ಕೈಯನ್ನು ನಿಲ್ಲಿಸಿ, ಅದು ಮತ್ತೆ ಒರಗಿದರೆ ಮಾತ್ರ ಮುಂದುವರಿಸುವುದು ಒಳ್ಳೆಯ ಪದ್ಧತಿ. ಉಣ್ಣುವ ಮತ್ತು ಮಲಗಿರುವ ನಾಯಿಯನ್ನು ಕೆಣಕಬಾರದೆಂದು ಮಕ್ಕಳಿಗೆ ಮೊದಲೇ ಕಲಿಸಬೇಕು. ದೀಪಾವಳಿಯ ಪಟಾಕಿಗೆ ನಡುಗುವ ನಾಯಿಯನ್ನು ಹೊರಗೆ ಕಟ್ಟದೆ, ಒಳಗಿನ ಕೋಣೆಯಲ್ಲಿ ಕಿಟಕಿಗಳನ್ನು ಮುಚ್ಚಿ ಜೊತೆಯಲ್ಲಿ ಕುಳಿತರೆ ಅಂಜಿಕೆಗೆ ಪ್ರೋತ್ಸಾಹ ಕೊಟ್ಟಂತಾಗುವುದೆಂಬ ಭಯವು ಅಕಾರಣವಾದುದು. ಧೈರ್ಯದ ನೆಲೆಯಾದವನು ಆ ಹೊತ್ತಿನಲ್ಲಿ ಬಳಿಯಲ್ಲಿರುವುದೇ ನ್ಯಾಯ.

೬. ತಳಿಯನ್ನರಿತು ಕಲಿಸುವುದು

ಎಲ್ಲ ನಾಯಿಗಳಿಗೂ ಕಲಿಕೆಯ ನಿಯಮವು ಒಂದೇ ಆದರೂ, ಒಂದೊಂದು ತಳಿಗೆ ಒಂದೊಂದು ಒಲವಿರುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯು ಇದಕ್ಕೆ ಒಳ್ಳೆಯ ನಿದರ್ಶನ. ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರು ಪಡೆದ ಈ ತಳಿಯ ಚಿತ್ರವು ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದರ ಸಂರಕ್ಷಣೆಗಾಗಿ ಶ್ವಾನ ಸಂಶೋಧನ ಮತ್ತು ಮಾಹಿತಿ ಕೇಂದ್ರವಿದೆ. ಉದ್ದನೆಯ ತಲೆ, ಆಳವಾದ ಎದೆ, ಸಣ್ಣ ನಡು, ನೀಳವಾದ ಕಾಲು, ಇವುಗಳಿಂದ ಕೂಡಿದ ಈ ನಾಯಿಯು ಮುಖ್ಯವಾಗಿ ಕಣ್ಣಿನಿಂದ ಬೇಟೆಯಾಡುವುದು. ದೂರದಲ್ಲಿ ಮೊಲವು ಕದಲಿದರೂ ಅದನ್ನು ಕಂಡು ಕ್ಷಣಮಾತ್ರದಲ್ಲಿ ಬೆನ್ನಟ್ಟುವುದು ಇದರ ರಕ್ತಗುಣ. ಆ ಕ್ಷಣದಲ್ಲಿ ಕರೆಗೆ ತಿರುಗದಿದ್ದರೆ ಅದನ್ನು ಅವಿಧೇಯವೆಂದು ನಿಂದಿಸುವುದು, ಮೀನು ಈಜಿತೆಂದು ನಿಂದಿಸಿದಂತೆ. ಕಿರುಕೋಣೆಯಲ್ಲಿ ಕಟ್ಟಿಹಾಕಿದ ಮುಧೋಳದ ನಾಯಿಯು ಬೊಗಳುವುದೂ ಅಗೆಯುವುದೂ ಶಿಕ್ಷಣದ ಕೊರತೆಯಿಂದಲ್ಲ, ಓಟದ ಕೊರತೆಯಿಂದ. ಇದಕ್ಕೆ ಬೇಲಿಯುಳ್ಳ ಬಯಲಿನಲ್ಲಿ ದಿನವೂ ಓಟವನ್ನು ಕೊಟ್ಟು, ಬೆನ್ನಟ್ಟುವ ಆಟವನ್ನೇ ಬಹುಮಾನವಾಗಿ ಬಳಸಿ, ಕರೆಯ ಪಾಠವನ್ನು ಉದ್ದನೆಯ ಹಗ್ಗದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕು. ಸೂಕ್ಷ್ಮ ಸ್ವಭಾವದ ನಾಯಿಗೆ ಗಡಸು ದನಿಯೇ ಹೊಡೆತಕ್ಕೆ ಸಮಾನವಾದುದರಿಂದ, ಕಲಿಸುವವನು ದನಿಯನ್ನು ಎತ್ತರಿಸದಿರುವುದು ಲೇಸು.

ಹಿಮಪ್ರದೇಶದ ಹಸ್ಕಿಯನ್ನು ಬಯಲುಸೀಮೆಯ ಬಿಸಿಲಿನಲ್ಲಿ ಸಾಕಿ, ಅದು ನಡೆಯಲೊಲ್ಲದೆಂದು ದೂರುವವರೂ ಉಂಟು. ನಾಯಿಯನ್ನು ಆರಿಸುವಾಗಲೇ ಅದರ ಒಲವನ್ನೂ ಮನೆಯ ಸ್ಥಿತಿಯನ್ನೂ ತೂಗಿನೋಡುವುದು ಶಿಕ್ಷಣದ ಮೊದಲನೆಯ ಹೆಜ್ಜೆ. ಊರಿನ ನಾಟಿನಾಯಿಯು ಈ ಹವೆಗೆ ಹೊಂದಿಕೊಂಡುದು, ಚುರುಕು ಬುದ್ಧಿಯದು. ಅದನ್ನು ಕೀಳಾಗಿ ಕಾಣುವುದಕ್ಕೆ ಕಾರಣವಿಲ್ಲ.

೭. ಉಪಸಂಹಾರ

ಇದುವರೆಗೆ ಹೇಳಿದುದರ ಸಾರಾಂಶವಿಷ್ಟು. ನಾಯಿಯು ಮನುಷ್ಯನ ಮುಖವನ್ನು ನೋಡುವ ಸ್ವಭಾವದಿಂದ ಹುಟ್ಟಿದೆ. ನೋಡಿದಾಗ ದೊರೆತ ಫಲದಂತೆ ಕಲಿಯುತ್ತದೆ. ಫಲವು ಅಂಜಿಕೆಯಾದರೆ ಅದು ನೋಡುವು‌ದನ್ನೇ ಬಿಡುತ್ತದೆ, ಅಲ್ಲಿಗೆ ಶಿಕ್ಷಣದ ಬಾಗಿಲು ಮುಚ್ಚಿತು. ಫಲವು ಹಿತವಾದರೆ ಅದು ಇನ್ನೂ ಹೆಚ್ಚಾಗಿ ನೋಡುತ್ತದೆ, ನೋಡಿದಷ್ಟೂ ಕಲಿಯುತ್ತದೆ, ಕಲಿತಷ್ಟೂ ನಂಬುತ್ತದೆ. ಹೀಗೆ ಶಿಕ್ಷಣವೂ ಸಖ್ಯವೂ ಒಂದನ್ನೊಂದು ಬೆಳೆಸುತ್ತವೆ.

ನಾಯಿಯು ದಿನವೆಲ್ಲ ಕಲಿಯುತ್ತಲೇ ಇರುತ್ತದೆ. ಕಲಿಸುವವನು ಪಾಠಕ್ಕೆಂದು ಗೊತ್ತುಮಾಡಿದ ಐದು ನಿಮಿಷದಲ್ಲಿ ಮಾತ್ರವಲ್ಲ. ಬಾಗಿಲನ್ನು ತೆರೆಯುವಾಗ, ಅನ್ನವನ್ನಿಡುವಾಗ, ಸಿಟ್ಟು ಬಂದಾಗ, ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೋ ಅದೆಲ್ಲವೂ ಅದಕ್ಕೆ ಪಾಠ. ಆದುದರಿಂದ ನಾಯಿಗೆ ಕಲಿಸಹೊರಟವನು ತನ್ನ ದನಿಯನ್ನೂ ಕೈಯನ್ನೂ ತಾಳ್ಮೆಯನ್ನೂ ಮೊದಲು ತಿದ್ದಿಕೊಳ್ಳಬೇಕಾಗುತ್ತದೆ. ನಾಯಿಯ ಆಯುಸ್ಸು ಹತ್ತು ಹದಿನಾಲ್ಕು ವರ್ಷ. ಅಷ್ಟು ಕಾಲ ತನ್ನ ಮುಖವನ್ನೇ ನೋಡುತ್ತ ಬದುಕುವ ಪ್ರಾಣಿಗೆ ನೋಡತಕ್ಕ ಮುಖವೊಂದನ್ನು ಒದಗಿಸುವುದು ಅದನ್ನು ಮನೆಗೆ ತಂದವನ ಹೊಣೆ.